ಎದೆನೋವಿಗೆ ಯಾರ ಅಪ್ಪಣೆ ಬೇಕು?

(ಮಂಗಳೂರಿನಲ್ಲಿ ಸ್ವಸಹಾಯ ಗುಂಪುಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮ ಸಭೆಗಳಲ್ಲಿ ಯಾವ ವಿಷಯ ಬರುತ್ತದೆ ಎಂಬುದು ನಿಮಗೆಲ್ಲ ಗೊತ್ತಿದೆ. ವರದಕ್ಷಿಣೆ, ಹೊಡೆತ, ಜೀವನಾಂಶ, ಠಾಣೆಯಲ್ಲಿ ದೂರು ಬರೆದುಕೊಳ್ಳದೆ ವಾಪಸು ಕಳಿಸುವುದು. ಇವತ್ತು ಹೃದಯದ ಕಾಯಿಲೆಯ ಬಗ್ಗೆ ಮಾತಾಡೋಣ ಎಂದಾಗ "ಅದು ಡಾಕ್ಟರರ ವಿಷಯ ಅಲ್ವಾ, ನಮಗೆಂತಕ್ಕೆ?" ಎಂದು ಒಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಸೀಮೆಎಣ್ಣೆ ಸುರಿದು ಸುಟ್ಟ ಹೆಣ್ಣಿನ ಸಾವು ನಮಗೆ ಕಾಣಿಸುತ್ತದೆ. ಬಾವಿಗೆ ಬಿದ್ದವಳ ಸಾವೂ ಕಾಣಿಸುತ್ತದೆ. ಆದರೆ ಎದೆ ಉರಿಯುತ್ತದೆ ಎಂದು ಮೂರು ದಿನ ಹೇಳಿ, ನಾಲ್ಕನೆಯ ದಿನ ಅಡುಗೆಮನೆಯಲ್ಲಿ ಕುಸಿದವಳ ಸಾವನ್ನು "ಅವಳ ಆಯುಷ್ಯ ಅಷ್ಟೇ" ಎಂದು ಬಿಟ್ಟುಬಿಡುತ್ತೇವೆ. ಆ ಮೂರು ದಿನ ಮನೆಯಲ್ಲಿ ಏನು ನಡೆಯಿತು ಎಂದು ಯಾರೂ ಕೇಳುವುದಿಲ್ಲ. ಇವತ್ತು ಅದನ್ನು ಕೇಳೋಣ.

2025ರ ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ನಿಮಗೆ ನೆನಪಿರಬಹುದು. ಜನ ಹೆದರಿ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿ ನಿಂತರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಜುಲೈಯಲ್ಲಿ ವರದಿ ಕೊಟ್ಟು, ಇದಕ್ಕೆ ಕೋವಿಡ್ ಲಸಿಕೆ ಕಾರಣವಲ್ಲ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಗೆಸೊಪ್ಪಿನಂಥ ಹಳೆಯ ಕಾರಣಗಳನ್ನೇ ನೋಡಬೇಕು ಎಂದಿತು. ಆ ದಿನಗಳಲ್ಲಿ ಬಸ್ಸಿನಲ್ಲಿ, ಅಂಗಡಿಯಲ್ಲಿ ಕೇಳಿದ ಮಾತೆಲ್ಲ ಗಂಡಸರದ್ದೇ. ಹೃದಯಾಘಾತ ಎಂದರೆ ಕುರ್ಚಿಯಲ್ಲಿ ಕುಳಿತ ಹೊಟ್ಟೆ ಬಂದ ಗಂಡಸು ಎದೆ ಹಿಡಿದುಕೊಳ್ಳುವ ಚಿತ್ರ ನಮ್ಮ ತಲೆಯಲ್ಲಿ ಕೂತಿದೆ. ಲೆಕ್ಕ ಬೇರೆಯೇ ಹೇಳುತ್ತದೆ. 2019ರಲ್ಲಿ ಜಗತ್ತಿನಲ್ಲಿ ತೀರಿಕೊಂಡ ಹೆಂಗಸರಲ್ಲಿ ನೂರಕ್ಕೆ 35 ಮಂದಿಯ ಸಾವಿಗೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯೇ ಕಾರಣ. ಹೆಂಗಸರನ್ನು ಇಷ್ಟು ಸಂಖ್ಯೆಯಲ್ಲಿ ಕೊಲ್ಲುವ ಕಾಯಿಲೆ ಬೇರೊಂದಿಲ್ಲ. ಈ ಲೆಕ್ಕ ಕೊಟ್ಟ ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2021ರಲ್ಲಿ ಇನ್ನೊಂದು ಮಾತನ್ನೂ ಹೇಳಿತು: ಹೆಂಗಸರ ಹೃದ್ರೋಗದ ಬಗ್ಗೆ ಅಧ್ಯಯನವೂ ಕಡಿಮೆ, ಅದನ್ನು ಗುರುತಿಸುವುದೂ ಕಡಿಮೆ, ಚಿಕಿತ್ಸೆಯೂ ಕಡಿಮೆ.

ಕೊಳವೆ ಒಂದೇ, ಕೆಡುವ ರೀತಿ ಬೇರೆ

ಮೊದಲು ರಕ್ತನಾಳ ಎಂದರೇನು ಎಂದು ನೋಡೋಣ. ನಿಮ್ಮಲ್ಲಿ ಹಲವರ ತವರಿನಲ್ಲಿ ಅಡಿಕೆ ತೋಟ ಇರಬಹುದು. ಕೆರೆಯಿಂದ ದೊಡ್ಡ ಪೈಪು ಬರುತ್ತದೆ, ಅದರಿಂದ ಸಣ್ಣ ಪೈಪು, ಅದರ ತುದಿಯಲ್ಲಿ ಮರದ ಬುಡಕ್ಕೆ ನೀರು ಬಿಡುವ ಸಣ್ಣ ತೂತು. ಹೃದಯದ ಸ್ನಾಯುವಿಗೆ ರಕ್ತ ಹೋಗುವುದೂ ಹೀಗೆಯೇ. ಆದರೆ ರಕ್ತನಾಳ ಪ್ಲಾಸ್ಟಿಕ್ ಪೈಪಿನಂತೆ ಜಡವಲ್ಲ. ಅದರ ಒಳಮೈಗೆ ಒಂದು ತೆಳುವಾದ ಪೊರೆ ಇದೆ. ಹೆಚ್ಚು ರಕ್ತ ಬೇಕಾದಾಗ ಆ ಪೊರೆ ನೈಟ್ರಿಕ್ ಆಕ್ಸೈಡ್ ಎಂಬ ವಸ್ತುವನ್ನು ಬಿಟ್ಟು ನಾಳವನ್ನು ಸಡಿಲಿಸುತ್ತದೆ. ಮೆಟ್ಟಿಲು ಹತ್ತುವಾಗ, ನೀರು ಹೊರುವಾಗ ನಾಳ ಅಗಲವಾಗುವುದು ಹೀಗೆ. ಪೊರೆ ಕೆಟ್ಟರೆ ನಾಳ ಬಿಗಿಯುತ್ತದೆ, ಗಡಸಾಗುತ್ತದೆ, ಅದರ ಗೋಡೆಯೊಳಗೆ ಕೊಬ್ಬು ಸೇರಿಕೊಳ್ಳುತ್ತದೆ.

ಹೆಣ್ಣಿನ ಹೃದಯದ ನಾಳಗಳು ಗಂಡಿನವಕ್ಕಿಂತ ಸಪೂರ. ದೇಹದ ಗಾತ್ರದ ವ್ಯತ್ಯಾಸವನ್ನು ಲೆಕ್ಕ ಹಾಕಿ ಕಳೆದರೂ ಸಪೂರವೇ. ಗಂಡಸರಲ್ಲಿ ಕೊಬ್ಬು ಹೆಚ್ಚಾಗಿ ದೊಡ್ಡ ನಾಳದಲ್ಲಿ ಒಂದು ಕಡೆ ಗಡ್ಡೆಕಟ್ಟಿ, ಒಂದು ದಿನ ಒಡೆದು ದಾರಿ ಮುಚ್ಚುತ್ತದೆ. ಹೆಂಗಸರಲ್ಲೂ ಇದು ಆಗುತ್ತದೆ. ಆದರೆ ಅವರಲ್ಲಿ ಕೊಬ್ಬು ನಾಳದ ಉದ್ದಕ್ಕೂ ಹರಡಿ ಕೂರುವುದು, ಒಡೆಯದೆ ಮೇಲ್ಮೈ ಸವೆದು ಅಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚು. ಇನ್ನೂ ಒಂದಿದೆ. ತೋಟದ ದೊಡ್ಡ ಪೈಪು ಸರಿಯಾಗಿದ್ದು ತುದಿಯ ಸಣ್ಣ ತೂತುಗಳು ಕಟ್ಟಿದರೆ ಮರ ಒಣಗುವುದಿಲ್ಲವೇ? ಹಾಗೆಯೇ ಕೂದಲಿನಷ್ಟು ಸಪೂರದ ನಾಳಗಳು ಬೇಕಾದಾಗ ಸಡಿಲಗೊಳ್ಳದೆ ಎದೆನೋವು ಬರುತ್ತದೆ. ಇದು ಹೆಂಗಸರಲ್ಲೇ ಹೆಚ್ಚು. ಆಂಜಿಯೋಗ್ರಾಮ್ ಎಂಬ ಪರೀಕ್ಷೆ ತೋರಿಸುವುದು ದೊಡ್ಡ ಪೈಪುಗಳನ್ನು ಮಾತ್ರ. "ಎಲ್ಲ ಕ್ಲಿಯರ್ ಇದೆ, ಏನೂ ಇಲ್ಲಮ್ಮ" ಎಂದು ಕಳಿಸಿದ ಎಷ್ಟೋ ಹೆಂಗಸರ ನೋವು ನಿಜವಾದ ನೋವೇ ಆಗಿರುತ್ತದೆ. ಮನೆಗೆ ಬಂದರೆ "ನಾಟಕ ಮಾಡಿ ಹಣ ಖರ್ಚು ಮಾಡಿಸಿದಳು" ಎಂಬ ಮಾತು ಕಾದಿರುತ್ತದೆ. ಹಾಗಾಗಿ ದೊಡ್ಡ ನಾಳ ಸರಿ ಇದೆ ಎಂದ ಮೇಲೂ ನೋವು ಮರಳಿ ಬಂದರೆ, "ಸಣ್ಣ ನಾಳದ ತೊಂದರೆ ಇರಬಹುದೇ?" ಎಂದು ಡಾಕ್ಟರನ್ನು ಕೇಳಿ. ಅದಕ್ಕೂ ಔಷಧ ಉಂಟು.

ಹೆಣ್ಣಿನ ಬದುಕಿನ ಘಟ್ಟಗಳು

ಮುಟ್ಟು ಬರುತ್ತಿರುವ ವರ್ಷಗಳಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ನಾಳದ ಒಳಪೊರೆಗೆ ಸಹಾಯ ಮಾಡುತ್ತದೆ. ಅದಕ್ಕೇ ಹೆಂಗಸರಿಗೆ ಮೊದಲ ಹೃದಯಾಘಾತ ಗಂಡಸರಿಗಿಂತ ತಡವಾಗಿ ಬರುತ್ತದೆ. ಇದನ್ನು ಲೆಕ್ಕ ಹಾಕಿ ತೋರಿಸಿದ್ದು ಇಂಟರ್‌ಹಾರ್ಟ್ ಎಂಬ ದೊಡ್ಡ ಅಧ್ಯಯನ. 52 ದೇಶಗಳ ಸುಮಾರು 30,000 ಜನರನ್ನು ನೋಡಿ 2004ರಲ್ಲಿ ಪ್ರಕಟವಾದ ಅದರ ನೇತೃತ್ವ ವಹಿಸಿದ್ದ ಡಾ. ಸಲೀಂ ಯೂಸುಫ್ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು. ಮೊದಲ ಆಘಾತ ಹೆಂಗಸರಿಗೆ ಸರಾಸರಿ ಒಂಬತ್ತು ವರ್ಷ ತಡ ಎಂದು ಅಲ್ಲಿ ಕಂಡಿತು. ಆದರೆ ನಮ್ಮ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ ಜನರಿಗೆ ಬೇರೆಯವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆ ಎಂದೂ ಕಂಡಿತು. ಅಂದರೆ ಪ್ರಕೃತಿ ಕೊಟ್ಟ ರಿಯಾಯಿತಿಯಲ್ಲಿ ಹೆಚ್ಚಿನ ಪಾಲು ನಮಗೆ ಸಿಗುವುದೇ ಇಲ್ಲ. ಅದೇ ಅಧ್ಯಯನದಲ್ಲಿ ಬಿ.ಪಿ. ಮತ್ತು ಸಕ್ಕರೆ ಕಾಯಿಲೆ ಗಂಡಿಗಿಂತ ಹೆಣ್ಣಿನ ಹೃದಯಕ್ಕೆ ಹೆಚ್ಚು ಹೊಡೆತ ಕೊಡುತ್ತವೆ ಎಂದು ತಿಳಿಯಿತು.

ಬಿ.ಪಿ.ಯ ಬಗ್ಗೆ ಒಂದು ಹೊಸ ಮಾತು ಕೇಳಿ. ಅಮೆರಿಕದಲ್ಲಿ 43 ವರ್ಷಗಳ ಅವಧಿಯಲ್ಲಿ ಸುಮಾರು 33,000 ಜನರ ರಕ್ತದೊತ್ತಡವನ್ನು ಮತ್ತೆ ಮತ್ತೆ ಅಳೆದ ದಾಖಲೆಗಳನ್ನು 2020ರಲ್ಲಿ ಒಟ್ಟು ಮಾಡಿ ನೋಡಿದರು. ಗಂಡನ್ನು ಹೆಣ್ಣಿಗೆ ಹೋಲಿಸುವ ಬದಲು, ಪ್ರತಿ ಹೆಣ್ಣನ್ನೂ ಎಳೆಯ ವಯಸ್ಸಿನ ಹೆಣ್ಣಿಗೆ, ಪ್ರತಿ ಗಂಡನ್ನೂ ಎಳೆಯ ವಯಸ್ಸಿನ ಗಂಡಿಗೆ ಹೋಲಿಸಿದರು. ಆಗ ಗೊತ್ತಾಯಿತು: ಹೆಣ್ಣಿನ ರಕ್ತದೊತ್ತಡ ಇಪ್ಪತ್ತರ ಹರೆಯ ದಾಟುವ ಮೊದಲೇ ಏರತೊಡಗುತ್ತದೆ, ಗಂಡಿನದಕ್ಕಿಂತ ಬೇಗ ಬೇಗ ಏರುತ್ತದೆ. ಇಪ್ಪತ್ತು, ಮೂವತ್ತರ ವಯಸ್ಸಿನಲ್ಲಿ ನಾವೇನು ಮಾಡುತ್ತಿರುತ್ತೇವೆ? ಮದುವೆ, ಹೆರಿಗೆ, ಅತ್ತೆಮನೆಯ ಚಾಕರಿ. ಬಿ.ಪಿ. ನೋಡಿಸಿಕೊಳ್ಳುವುದು ಮುದುಕರಾದ ಮೇಲೆ ಎಂದುಕೊಂಡಿರುತ್ತೇವೆ.

ಆ ವಯಸ್ಸಿನಲ್ಲಿ ಯಾರಾದರೂ ನಮ್ಮ ಬಿ.ಪಿ. ನೋಡಿದ್ದರೆ ಅದು ಬಸುರಿಯಾಗಿದ್ದಾಗ. ಲೇಡಿಗೋಷನ್ ಆಸ್ಪತ್ರೆಯಲ್ಲಿ ಹೆರಿಗೆಯಾದವರು ಇಲ್ಲಿ ಎಷ್ಟೋ ಮಂದಿ ಇದ್ದೀರಿ. ಆಗ ತಾಯಿ ಕಾರ್ಡಿನಲ್ಲಿ ಬಿ.ಪಿ. ಬರೆದದ್ದು ಮಗು ಹುಟ್ಟಿದ ಮೇಲೆ ಪೆಟ್ಟಿಗೆ ಸೇರಿಬಿಟ್ಟಿತು. ಬಸುರಿನಲ್ಲಿ ಬಿ.ಪಿ. ಏರಿ, ಮೂತ್ರದಲ್ಲಿ ಪ್ರೋಟೀನು ಹೋಗಿ, ಮುಖ ಕೈ ಊದಿಕೊಂಡವರು ಯಾರಾದರೂ ಇದ್ದರೆ ಗಮನವಿಟ್ಟು ಕೇಳಿ. ಹೆರಿಗೆಯ ನಂತರ ಬಿ.ಪಿ. ಇಳಿದರೂ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಅಂಥವರಿಗೆ ಮುಂದೆ ಹೃದಯಾಘಾತ, ಲಕ್ವ ಬರುವ ಸಂಭವ ಇತರರಿಗಿಂತ ಸುಮಾರು ಎರಡು ಪಟ್ಟು. ಬಸುರಿನಲ್ಲಿ ಸಕ್ಕರೆ ಬಂದವರಿಗೂ, ದಿನ ತುಂಬುವ ಮೊದಲೇ ಹೆರಿಗೆಯಾದವರಿಗೂ ಅಪಾಯ ಹೆಚ್ಚು. ಡಾಕ್ಟರ ಹತ್ತಿರ ಹೋದಾಗ ಅವರು ಕೇಳದಿದ್ದರೂ ಇದನ್ನು ನೀವಾಗಿ ಹೇಳಿ.

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುತ್ತದೆ, ಬಿ.ಪಿ. ಏರುತ್ತದೆ, ಕೆಟ್ಟ ಕೊಬ್ಬು ಏರುತ್ತದೆ. ಹಾಗಿದ್ದರೆ ಈಸ್ಟ್ರೋಜನ್ ಮಾತ್ರೆ ತಿಂದರಾಯಿತಲ್ಲ ಎಂದು ಡಾಕ್ಟರರೂ ಒಂದು ಕಾಲಕ್ಕೆ ನಂಬಿದ್ದರು. ಅಮೆರಿಕದಲ್ಲಿ 16,608 ಹೆಂಗಸರ ಮೇಲೆ ಇದನ್ನು ಪರೀಕ್ಷಿಸಿ, ಮಾತ್ರೆಯಿಂದ ಒಟ್ಟಾರೆ ಲಾಭಕ್ಕಿಂತ ಅಪಾಯವೇ ಹೆಚ್ಚು ಕಂಡದ್ದರಿಂದ 2002ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಿದರು. ಹೃದಯಕ್ಕೂ ಲಾಭದ ಬದಲು ಅಪಾಯವೇ ಕಂಡಿತ್ತು. ಮುಟ್ಟು ನಿಲ್ಲುವಾಗಿನ ಬೇರೆ ತೊಂದರೆಗಳಿಗೆ ಡಾಕ್ಟರು ಕೊಟ್ಟರೆ ಅದು ಬೇರೆ. ಹೃದಯ ಕಾಪಾಡಲು ಎಂದು ಯಾರೂ ಆ ಮಾತ್ರೆ ನುಂಗಬಾರದು.

ಇಲ್ಲಿ ಗರ್ಭಕೋಶದ ಮಾತನ್ನೂ ಆಡಬೇಕು. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಬಿಳಿಮುಟ್ಟು, ಹೊಟ್ಟೆನೋವಿನಂಥ ಕಾರಣಕ್ಕೆಲ್ಲ ತೆಗೆದುಹಾಕಿದ್ದು 2015ರಲ್ಲಿ ಬೆಳಕಿಗೆ ಬಂತು. ಚಿಕ್ಕ ವಯಸ್ಸಿನಲ್ಲಿ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಆ ದಿನವೇ ಮುಟ್ಟು ನಿಂತಂತೆ, ನಾಳಕ್ಕಿದ್ದ ರಕ್ಷಣೆ ಹತ್ತು ಹದಿನೈದು ವರ್ಷ ಮೊದಲೇ ಹೋದಂತೆ. "ಮಕ್ಕಳಾಯಿತಲ್ಲ, ಇನ್ನು ಅದು ಯಾಕೆ?" ಎಂದು ಯಾರಾದರೂ ಹೇಳಿದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳದೆ ಒಪ್ಪಬೇಡಿ.

ಗಂಡಿನ ಅಳತೆಗೋಲು

ಇಷ್ಟು ವ್ಯತ್ಯಾಸ ಇದ್ದರೂ ಇದು ನಮಗೆ ಇಷ್ಟು ತಡವಾಗಿ ಯಾಕೆ ತಿಳಿಯಿತು? ಹುಡುಕಿದವರು ಗಂಡಸರನ್ನೇ ನೋಡಿದ್ದರು, ಅದಕ್ಕೆ. ಆಸ್ಪಿರಿನ್ ಮಾತ್ರೆ ಹೃದಯಾಘಾತ ತಡೆಯುತ್ತದೆಯೇ ಎಂದು ನೋಡಿದ ಅಮೆರಿಕದ ಪ್ರಸಿದ್ಧ ಪರೀಕ್ಷೆಯ ಮೊದಲ ಫಲಿತಾಂಶ ಬಂದದ್ದು 1988ರಲ್ಲಿ. ಅದರಲ್ಲಿ ಇದ್ದವರು 22,071 ಡಾಕ್ಟರರು. ಹೆಂಗಸು ಒಬ್ಬಳೂ ಇರಲಿಲ್ಲ. 1991ರಲ್ಲಿ ಆ ದೇಶದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಮೊದಲ ಮಹಿಳಾ ಮುಖ್ಯಸ್ಥೆಯಾಗಿ ಬಂದ ಹೃದ್ರೋಗ ತಜ್ಞೆ ಬರ್ನಡೀನ್ ಹೀಲಿ ಇದನ್ನು ನೇರವಾಗಿ ಎತ್ತಿ ಆಡಿದರು. ಯೆಂಟ್ಲ್ ಎಂಬ ಕಥೆಯಲ್ಲಿ ಒಬ್ಬ ಹುಡುಗಿ ಧರ್ಮಗ್ರಂಥ ಓದುವ ಆಸೆಯಿಂದ ಗಂಡುವೇಷ ಹಾಕುತ್ತಾಳೆ. ಹೃದ್ರೋಗದ ಆಸ್ಪತ್ರೆಯಲ್ಲೂ ಹಾಗೆಯೇ, ತನ್ನ ಕಾಯಿಲೆಯೂ ಗಂಡಸಿನದರಂತೆಯೇ ಎಂದು ತೋರಿಸಿಕೊಟ್ಟ ಮೇಲೆ ಮಾತ್ರ ಹೆಣ್ಣಿಗೆ ಸರಿಯಾದ ಚಿಕಿತ್ಸೆ ಸಿಗುತ್ತದೆ ಎಂದರು ಹೀಲಿ.

ನಮ್ಮ ಊರಿನಲ್ಲಿ ಈ ಅಳತೆಗೋಲು ಹೇಗೆ ಕೆಲಸ ಮಾಡುತ್ತದೆ ನೋಡಿ. ಎದೆನೋವು ಗಂಡಿಗೂ ಹೆಣ್ಣಿಗೂ ಬರುತ್ತದೆ, ಹೃದಯಾಘಾತದ ಮುಖ್ಯ ಲಕ್ಷಣ ಇಬ್ಬರಲ್ಲೂ ಅದೇ. ಹೆಂಗಸರಿಗೆ ಎದೆನೋವೇ ಬರುವುದಿಲ್ಲ ಎಂಬ ಮಾತು ತಪ್ಪು. ಆದರೆ ಹೆಂಗಸರಲ್ಲಿ ಅದರ ಜೊತೆಗೆ ಬೇರೆ ತೊಂದರೆಗಳು ಹೆಚ್ಚು: ಉಸಿರು ಕಟ್ಟುವುದು, ದವಡೆ, ಕುತ್ತಿಗೆ, ಬೆನ್ನಿನ ನಡುವೆ ನೋವು, ಓಕರಿಕೆ, ವಾಂತಿ, ತಣ್ಣನೆ ಬೆವರು, ಕಾರಣವಿಲ್ಲದ ಸುಸ್ತು. ಕೆಲವರಿಗೆ ನೋವಿನ ಬದಲು ಎದೆಯ ಮೇಲೆ ಕಲ್ಲು ಇಟ್ಟಂತೆ ಬಿಗಿತ. ಗಂಡಸಿಗೆ ಹೀಗಾದರೆ ರಿಕ್ಷಾ ಬರುತ್ತದೆ. ಹೆಂಗಸಿಗೆ ಹೀಗಾದರೆ ಜೀರಿಗೆ ಕಷಾಯ ಬರುತ್ತದೆ. "ಎಂತದ್ದೂ ಇಲ್ಲ, ಗ್ಯಾಸ್ ಇರಬೇಕು" ಎಂದು ಮನೆಯವರೂ ಹೇಳುತ್ತಾರೆ, ಅವಳೂ ಹೇಳಿಕೊಳ್ಳುತ್ತಾಳೆ.

ಬೀಡಿ ಕಟ್ಟುವ ಒಬ್ಬ ಅಕ್ಕನನ್ನು ಮನಸ್ಸಿನಲ್ಲಿ ತಂದುಕೊಳ್ಳಿ. ವಯಸ್ಸು ಐವತ್ತು. ಬೆಳಿಗ್ಗೆಯಿಂದ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಕೂತಿದ್ದಾಳೆ. ಸಂಜೆಯೊಳಗೆ ಬ್ರಾಂಚಿಗೆ ಬೀಡಿ ಮುಟ್ಟಿಸಬೇಕು. ಮಧ್ಯಾಹ್ನ ಬೆನ್ನು ಹಿಡಿಯುತ್ತದೆ, ಬೆವರು ಬರುತ್ತದೆ. ಕೂತು ಕೂತು ಹೀಗಾಯಿತು ಎಂದುಕೊಳ್ಳುತ್ತಾಳೆ. ಬೀಡಿ ಕೊಟ್ಟು ಬರೋಣ ಎಂದು ಏಳುತ್ತಾಳೆ. ರಾತ್ರಿ ಗಂಡ ಬಂದ ಮೇಲೆ ಹೇಳೋಣ ಎಂದುಕೊಳ್ಳುತ್ತಾಳೆ. ಗಂಡ ಕುಡಿದು ಬಂದಿದ್ದರೆ ಹೇಳುವುದಿಲ್ಲ. ಬೆಳಿಗ್ಗೆ ಮಗನಿಗೆ ಹೇಳುತ್ತಾಳೆ, ಮಗ ಸಂಬಳ ಬಂದ ಮೇಲೆ ಹೋಗೋಣ ಎನ್ನುತ್ತಾನೆ. ಇಲ್ಲಿ ಯಾರೂ ಅವಳ ಮೇಲೆ ಕೈ ಎತ್ತಲಿಲ್ಲ. ಆದರೂ ಅವಳ ಜೀವ ಇನ್ನೊಬ್ಬರ ಅಪ್ಪಣೆಗೆ ಕಾಯುತ್ತಾ ಕೂತಿತು. ರಕ್ತ ಸಿಗದ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ, ಸತ್ತ ಭಾಗ ಮತ್ತೆ ಬದುಕುವುದಿಲ್ಲ. ಹೆಪ್ಪು ಕರಗಿಸುವ ಚುಚ್ಚುಮದ್ದು ಮೊದಲ ಗಂಟೆಗಳಲ್ಲಿ ಮಾಡುವ ಕೆಲಸವನ್ನು ಮರುದಿನ ಮಾಡಲಾರದು.

ಹೊಡೆತ ನಾಳಕ್ಕೂ ತಾಗುತ್ತದೆ

ಈಗ ನಮ್ಮ ಚಳುವಳಿಯ ಮುಖ್ಯ ವಿಷಯಕ್ಕೆ ಬರುತ್ತೇನೆ. 1990ರಲ್ಲಿ ಜಪಾನಿನ ವೈದ್ಯರು ಒಂದು ವಿಚಿತ್ರ ಕಾಯಿಲೆಯನ್ನು ವಿವರಿಸಿದರು. ಲಕ್ಷಣವೆಲ್ಲ ಹೃದಯಾಘಾತದ್ದೇ, ಆದರೆ ನಾಳ ಮುಚ್ಚಿಲ್ಲ. ಹೃದಯದ ಒಂದು ಭಾಗ ಬಲ ಕಳೆದುಕೊಂಡು ಬಲೂನಿನಂತೆ ಉಬ್ಬಿದೆ. ಅಲ್ಲಿಯ ಮೀನುಗಾರರು ಆಕ್ಟೋಪಸ್ ಹಿಡಿಯಲು ಸಮುದ್ರಕ್ಕೆ ಇಳಿಸುವ, ಬಾಯಿ ಕಿರಿದಾಗಿ ಹೊಟ್ಟೆ ದೊಡ್ಡದಾದ ಮಡಕೆಯ ಹಾಗೆ ಹೃದಯ ಕಂಡಿತಂತೆ. ಆ ಮಡಕೆಯ ಹೆಸರು ತಾಕೊತ್ಸುಬೊ, ಕಾಯಿಲೆಗೂ ಅದೇ ಹೆಸರಾಯಿತು. ನಮ್ಮ ದಕ್ಕೆಯಲ್ಲಿ ಬೊಂಡಾಸ್ ಮಾರುವ ಅಕ್ಕಂದಿರಿಗೆ ಆ ಪ್ರಾಣಿಯ ಬಳಗ ಗೊತ್ತಿದೆ. ಈ ಕಾಯಿಲೆ ಬರುವ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಹೆಂಗಸರು, ಹೆಚ್ಚಿನವರು ಮುಟ್ಟು ನಿಂತವರು. ಅನೇಕರಲ್ಲಿ ಅದು ಬರುವುದು ಹಠಾತ್ ದುಃಖ, ಭಯ, ಜಗಳದ ನಂತರ. ಹೆಚ್ಚಿನವರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ, ಕೆಲವರು ಸಾಯುತ್ತಾರೆ. "ಎದೆ ಒಡೆದು ಹೋಯಿತು" ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಬರೀ ಮಾತಾಗಿರಲಿಲ್ಲ.

ದಿನದಿನದ ಹಿಂಸೆ ಏನು ಮಾಡುತ್ತದೆ? ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಕುಟುಂಬವೈದ್ಯರ ದಾಖಲೆಗಳಲ್ಲಿ ಕೌಟುಂಬಿಕ ದೌರ್ಜನ್ಯ ನಮೂದಾಗಿದ್ದ 18,547 ಹೆಂಗಸರನ್ನು, ಅಂಥ ನಮೂದಿಲ್ಲದ ಸುಮಾರು 72,000 ಹೆಂಗಸರೊಂದಿಗೆ ಹೋಲಿಸಿ 2020ರಲ್ಲಿ ಪ್ರಕಟಿಸಿದರು. ದೌರ್ಜನ್ಯಕ್ಕೆ ಒಳಗಾದವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆ ನೂರಕ್ಕೆ 31ರಷ್ಟು ಹೆಚ್ಚು, ಸಕ್ಕರೆ ಕಾಯಿಲೆ 51ರಷ್ಟು ಹೆಚ್ಚು, ಯಾವುದೇ ಕಾರಣದಿಂದ ಸಾಯುವ ಸಂಭವ 44ರಷ್ಟು ಹೆಚ್ಚು. ಬಿ.ಪಿ.ಯಲ್ಲಿ ಮಾತ್ರ ಆ ಅಧ್ಯಯನದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಯಾವಾಗ ಹೊಡೆಯುತ್ತಾನೋ ಎಂದು ಕಾಯುವ ದೇಹದಲ್ಲಿ ಒತ್ತಡದ ಹಾರ್ಮೋನುಗಳು ಸುರಿಯುತ್ತಲೇ ಇರುತ್ತವೆ. ನಾಳ ಬಿಗಿಯುತ್ತದೆ, ನಿದ್ದೆ ಕೆಡುತ್ತದೆ, ಸಕ್ಕರೆ ಏರುತ್ತದೆ, ಊಟ ಹೊತ್ತುಗೊತ್ತಿಲ್ಲದಾಗುತ್ತದೆ, ಬೇಸರಕ್ಕೆ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಸೇರುತ್ತದೆ. ಕೊನೆಗೆ ಔಷಧಕ್ಕೆ ಹಣ ಕೇಳಲು ಹೆದರಿಕೆ.

ಕರ್ನಾಟಕದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಹೆಂಗಸರು ನೂರಕ್ಕೆ 44. ಈ ಎರಡು ಲೆಕ್ಕಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಗಾಯ ಮೂಳೆಯಲ್ಲಿ, ಚರ್ಮದಲ್ಲಿ ಮಾತ್ರ ಇರುತ್ತದೆ ಎಂದುಕೊಂಡರೆ ಈ ಹಿಂಸೆಯ ಅರ್ಧ ಲೆಕ್ಕವೂ ನಮಗೆ ಸಿಗುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಮನಸ್ಸಿನ ನೋವು ಹೃದಯಕ್ಕೆ ತಾಗುತ್ತದೆ ಎಂದ ಕೂಡಲೇ "ನಿನಗೆ ಟೆನ್ಷನ್ ಅಷ್ಟೇ, ನಿದ್ದೆಮಾತ್ರೆ ತೆಗೆದುಕೋ" ಎನ್ನುವವರಿಗೆ ಅನುಕೂಲವಾಗಬಾರದು. ಟೆನ್ಷನ್ ಇದ್ದವಳಿಗೆ ಇ.ಸಿ.ಜಿ. ಇನ್ನೂ ಬೇಗ ಆಗಬೇಕು.

ಏನು ಮಾಡಬೇಕು?

ಎದೆ, ದವಡೆ, ತೋಳು, ಬೆನ್ನಿನಲ್ಲಿ ಹೊಸದಾಗಿ ಬಂದ ನೋವು ಅಥವಾ ಬಿಗಿತ ಹತ್ತು ಹದಿನೈದು ನಿಮಿಷದಲ್ಲಿ ಹೋಗದಿದ್ದರೆ, ಜೊತೆಗೆ ಬೆವರು, ಉಸಿರುಗಟ್ಟುವಿಕೆ ಇದ್ದರೆ, ಕಷಾಯ ಬೇಡ. 108ಕ್ಕೆ ಫೋನ್ ಮಾಡಿ. ನಡೆದುಕೊಂಡು ಹೋಗಬೇಡಿ, ಒಬ್ಬರೇ ಬಸ್ಸು ಹತ್ತಬೇಡಿ. ನಗರದವರು ವೆನ್ಲಾಕ್ ಅಥವಾ ಹತ್ತಿರದ ದೊಡ್ಡ ಆಸ್ಪತ್ರೆಗೆ, ಹಳ್ಳಿಯವರು ಇ.ಸಿ.ಜಿ. ಇರುವ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಆಸ್ಪತ್ರೆ ಮುಟ್ಟಿದ ಹತ್ತು ನಿಮಿಷದೊಳಗೆ ಇ.ಸಿ.ಜಿ. ಆಗಬೇಕು ಎಂಬುದು ವೈದ್ಯರದೇ ನಿಯಮ. "ಗ್ಯಾಸ್ಟ್ರಿಕ್" ಎಂದು ಕಳಿಸಲು ನೋಡಿದರೆ "ಇ.ಸಿ.ಜಿ. ಮಾಡಿ ನೋಡಿ" ಎಂದು ಕೇಳಿ. ಮೊದಲ ಇ.ಸಿ.ಜಿ. ಸರಿ ಇದ್ದು ನೋವು ಮುಂದುವರಿದರೆ ಮತ್ತೊಮ್ಮೆ ಮಾಡಬೇಕು, ಟ್ರೋಪೊನಿನ್ ಎಂಬ ರಕ್ತಪರೀಕ್ಷೆಯೂ ಇದೆ.

ಖರ್ಚಿನ ಹೆದರಿಕೆ ಬೇಡ. ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ಹೊರಗೆ ಸಾವಿರಾರು ರೂಪಾಯಿ ಬೆಲೆಯ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ತಾಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಂಟು. ಮಂಗಳೂರಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರ ಒದಗಿಸಿ, ಅಲ್ಲಿಂದ ವಾಟ್ಸಾಪಿನಲ್ಲಿ ಬಂದ ಇ.ಸಿ.ಜಿ.ಯನ್ನು ತಜ್ಞರು ನೋಡಿ ಸಲಹೆ ಕೊಡುವ ಕೆಲಸವನ್ನು 2018ರಲ್ಲಿ ಆರಂಭಿಸಿದರು. ಅಂದರೆ ದಾರಿಗಳು ಇವೆ. ಮನೆಯ ಹೊಸ್ತಿಲು ದಾಟುವುದೇ ನಮ್ಮ ಹೆಂಗಸರಿಗೆ ಎಲ್ಲಕ್ಕಿಂತ ದೂರದ ದಾರಿ.

ದಿನದ ಬದುಕಿನ ಬಗ್ಗೆ ಎರಡು ಮಾತು ಸಾಕು. ದಿನಕ್ಕೆ ಒಬ್ಬರಿಗೆ ಐದು ಗ್ರಾಂ, ಅಂದರೆ ಒಂದು ಸಣ್ಣ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು. ಗಂಜಿಗೆ ಉಪ್ಪಿನಕಾಯಿ, ಒಣಮೀನು, ಹಪ್ಪಳ ಮೂರೂ ಸೇರಿದರೆ ಒಂದೇ ಹೊತ್ತಿಗೆ ಅದು ದಾಟಿಬಿಡಬಹುದು. ಬಂಗುಡೆ, ಬೂತಾಯಿ ಒಳ್ಳೆಯ ಮೀನು, ಸಾರು ಮಾಡಿ ತಿನ್ನಿ, ಹುರಿಯುವುದು ಅಪರೂಪಕ್ಕೆ ಇರಲಿ. ಗಂಡ ಮಕ್ಕಳಿಗೆ ಬಡಿಸಿ ಉಳಿದದ್ದಕ್ಕೆ ಉಪ್ಪಿನಕಾಯಿ ಕಲಸಿ ಉಣ್ಣುವ ಅಭ್ಯಾಸ ಬಿಡಿ, ತರಕಾರಿಯಲ್ಲಿ ನಿಮ್ಮ ಪಾಲು ತೆಗೆದಿಡಿ. ಎಲೆ ಅಡಿಕೆಯ ಜೊತೆ ತಿನ್ನುವ ಹೊಗೆಸೊಪ್ಪು ಬೀಡಿಯಷ್ಟು ಕೆಟ್ಟದ್ದಲ್ಲ ಎಂದು ತಿಳಿಯಬೇಡಿ. ಇಂಟರ್‌ಹಾರ್ಟ್ ಲೆಕ್ಕದಲ್ಲಿ ಹೊಗೆಸೊಪ್ಪು ಅಗಿಯುವವರಿಗೆ ಹೃದಯಾಘಾತದ ಸಂಭವ ಎರಡು ಪಟ್ಟಿಗಿಂತ ಹೆಚ್ಚು. ಬೀಡಿ ಕಟ್ಟುವವರು ಗಂಟೆಗೊಮ್ಮೆ ಎದ್ದು ಅಂಗಳ ಸುತ್ತಿ ಬನ್ನಿ. ಬಿ.ಪಿ. ಮಾತ್ರೆಯನ್ನು "ಈಗ ಸರಿಯಾಯಿತು" ಎಂದು ನೀವಾಗಿ ನಿಲ್ಲಿಸಬೇಡಿ. ಮಾತ್ರೆ ತಿಂದದ್ದರಿಂದಲೇ ಅದು ಸರಿಯಾಗಿರುವುದು.

ಗುಂಪಿನ ಲೆಕ್ಕಪುಸ್ತಕದಲ್ಲಿ ಇನ್ನೊಂದು ಕಲಂ

ಕೊನೆಗೆ, ಗುಂಪಾಗಿ ಮಾಡಬೇಕಾದ ನಾಲ್ಕು ಕೆಲಸ.

ಮೊದಲನೆಯದು, ವಾರದ ಉಳಿತಾಯ ಬರೆಯುವ ಪುಸ್ತಕದ ಜೊತೆಗೆ ಬಿ.ಪಿ.ಯ ಪುಸ್ತಕ ಇಡಿ. ತೋಳಿಗೆ ಕಟ್ಟುವ ಬಿ.ಪಿ. ಯಂತ್ರವೊಂದನ್ನು ಗುಂಪಿನ ಹಣದಿಂದ ಕೊಳ್ಳಬಹುದು. ಐದು ನಿಮಿಷ ಸುಮ್ಮನೆ ಕೂತು, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು, ತಿಂಗಳಿಗೊಮ್ಮೆ ಎಲ್ಲರೂ ನೋಡಿಕೊಳ್ಳಿ. ಬೇರೆ ಬೇರೆ ದಿನ ನೋಡಿದರೂ 140/90 ಅಥವಾ ಅದಕ್ಕಿಂತ ಮೇಲೆ ಇದ್ದವರು ಡಾಕ್ಟರನ್ನು ಕಾಣಬೇಕು. 120/80 ದಾಟಿದವರು ಎಚ್ಚರದಲ್ಲಿರಬೇಕು. 30 ದಾಟಿದವರಿಗೆ ನಮ್ಮ ಕ್ಲಿನಿಕ್‌ನಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ ಎರಡನ್ನೂ ಉಚಿತವಾಗಿ ನೋಡುತ್ತಾರೆ. ಬಸುರಿನಲ್ಲಿ ಬಿ.ಪಿ. ಅಥವಾ ಸಕ್ಕರೆ ಬಂದಿತ್ತೇ, ಮುಟ್ಟು ಯಾವಾಗ ನಿಂತಿತು, ಗರ್ಭಕೋಶ ತೆಗೆದಿದ್ದಾರೆಯೇ ಎಂಬುದನ್ನು ಹೆಸರಿನ ಎದುರು ಬರೆದಿಡಿ. ಈ ಪುಸ್ತಕ ಗುಂಪಿನ ಒಳಗೇ ಇರಬೇಕು, ಊರಿಗೆ ಸುದ್ದಿಯಾಗಬಾರದು.

ಎರಡನೆಯದು, ತುರ್ತು ಚಿಕಿತ್ಸೆಯ ಸಾಲಕ್ಕೆ ಗಂಡನ ಸಹಿಗಾಗಿ, ಮುಂದಿನ ಸಭೆಗಾಗಿ ಕಾಯಬಾರದು ಎಂದು ಇವತ್ತೇ ನಿರ್ಣಯ ಬರೆಯಿರಿ. ಇಬ್ಬರು ಪದಾಧಿಕಾರಿಗಳು ರಾತ್ರಿ ಹನ್ನೆರಡು ಗಂಟೆಗೂ ಕೊಡುವಂತಿರಲಿ.

ಮೂರನೆಯದು, ಪ್ರತಿಯೊಬ್ಬಳಿಗೂ ಗುಂಪಿನಲ್ಲಿ ಒಬ್ಬ ಜೊತೆಗಾತಿ ಇರಲಿ. ಎದೆ ಹಿಡಿದರೆ ಮೊದಲ ಫೋನು ಅವಳಿಗೆ ಹೋಗಲಿ. ಹೋದವಳು ಆಸ್ಪತ್ರೆಯಲ್ಲಿ ಬಾಯಿ ಬಿಟ್ಟು ಮಾತಾಡಲಿ. ನೋವಿನಲ್ಲಿರುವವಳು ವಾದ ಮಾಡಲಾರಳು.

ನಾಲ್ಕನೆಯದು ಕಾನೂನು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಬರೀ ಹೊಡೆತಕ್ಕಲ್ಲ. ಹೆಣ್ಣಿನ ಆರೋಗ್ಯಕ್ಕೆ ಹಾನಿ ಮಾಡುವುದು, ಅವಳಿಗೆ ಸಲ್ಲಬೇಕಾದ ಹಣ ಕೊಡದಿರುವುದು, ಮಾತಿನಿಂದ ಮನಸ್ಸು ಮುರಿಯುವುದು ಎಲ್ಲವೂ ಅದರಲ್ಲಿ ದೌರ್ಜನ್ಯವೇ. 20ನೇ ಕಲಮಿನ ಪ್ರಕಾರ ಮ್ಯಾಜಿಸ್ಟ್ರೇಟರ ಮುಂದೆ ವೈದ್ಯಕೀಯ ಖರ್ಚನ್ನು ಕೇಳಬಹುದು. ಸಂರಕ್ಷಣಾಧಿಕಾರಿಯ ಮೂಲಕ ಅರ್ಜಿ ಹಾಕಬಹುದು, 181ಕ್ಕೆ ಕರೆ ಮಾಡಬಹುದು. ಆಸ್ಪತ್ರೆಯ ಚೀಟಿ, ಔಷಧದ ಬಿಲ್ಲು, ಬಿ.ಪಿ. ಬರೆದ ಪುಸ್ತಕ ಬಿಸಾಡಬೇಡಿ. ಡಾಕ್ಟರು "ಮನೆಯಲ್ಲಿ ಎಲ್ಲ ಸರಿ ಇದೆಯಾ?" ಎಂದು ಕೇಳಿದರೆ ನಿಜ ಹೇಳಿ, ಅದನ್ನು ಚೀಟಿಯಲ್ಲಿ ಬರೆಯಲು ಹೇಳಿ. ನಾಳೆ ಅದೇ ಸಾಕ್ಷಿ.

ಹೆಣ್ಣು ಸಹಿಸಿಕೊಳ್ಳಬೇಕು ಎಂದು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ಮಾತು ಸಹಿಸಿದೆವು, ಏಟು ಸಹಿಸಿದೆವು, ಅದೇ ಅಭ್ಯಾಸದಲ್ಲಿ ಎದೆನೋವನ್ನೂ ಸಹಿಸುತ್ತಿದ್ದೇವೆ. ಇನ್ನು ಮುಂದೆ ಎದೆನೋವು ಬಂದಾಗ ಯಾರ ಅಪ್ಪಣೆಗೂ ಕಾಯುವುದಿಲ್ಲ ಎಂದು ಈ ಸಭೆಯಿಂದ ಎದ್ದು ಹೋಗುವ ಮೊದಲು ತೀರ್ಮಾನಿಸೋಣ. ಯಂತ್ರ ಕೊಳ್ಳುವ ವಿಷಯವನ್ನು ಮುಂದಿನ ವಾರದ ಸಭೆಯ ಮೊದಲ ವಿಷಯವಾಗಿ ಬರೆದುಕೊಳ್ಳಿ.